ಕ್ಯಾಸೆಟ್ ಊದಿದರೆ ವಿಡಿಯೋ ಗೇಮ್ ಸರಿಹೋಗುತ್ತದಾ?

ಪ್ರಶ್ನೆ: ಅಟ್ಟದ ಮೇಲಿದ್ದ ಹಳೇ ನಿಂಟೆಂಡೊ ಇಳಿಸಿ ಟಿವಿಗೆ ಹಾಕಿದೆ. ಕೆಂಪು ಲೈಟ್ ಮಿಣುಕುತ್ತದೆ, ಪರದೆಯೂ ಅದರ ಜೊತೆ ಮಿಣುಕುತ್ತದೆ, ಆಟ ಮಾತ್ರ ಶುರುವಾಗುವುದಿಲ್ಲ. ಕ್ಯಾಸೆಟ್ ಎಷ್ಟು ಊದಿದರೂ ಅಷ್ಟೇ. ಒಳಗಿನ ಚಿಪ್ ಹೋಗಿದೆಯಾ? ಮನೆಯಲ್ಲೇ ರಿಪೇರಿ ಮಾಡಬಹುದಾ?

ಉತ್ತರ: ಮಾಡಬಹುದು. ಚಿಪ್ ಬಹುಶಃ ಚೆನ್ನಾಗಿಯೇ ಇದೆ. ಮೊದಲು ಆ ಊದುವುದನ್ನು ನಿಲ್ಲಿಸಿ.

ಈ ಮಾತು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದರೂ ಪರವಾಗಿಲ್ಲ, ಇನ್ನೊಂದು ಸಲ ಹಾಡುತ್ತೇನೆ. ಕೇಳುವವರು ಬದಲಾಗುತ್ತಾರೆ, ಮಷೀನ್ ಬದಲಾಗುತ್ತದೆ, ‘ಎಷ್ಟು ಊದಿದರೂ’ ಅನ್ನುವುದು ಮಾತ್ರ ಬದಲಾಗುವುದಿಲ್ಲ.

ಊದುವುದನ್ನು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಪಕ್ಕದ ಹುಡುಗ ಮಾಡಿದ, ನಾವೂ ಮಾಡಿದೆವು. ಕ್ಯಾಸೆಟ್ ತೆಗೆದು, ತಲೆಕೆಳಗೆ ಮಾಡಿ, ಮೌತ್ ಆರ್ಗನ್ ನುಡಿಸುವ ಹಾಗೆ ಈ ತುದಿಯಿಂದ ಆ ತುದಿಗೆ ಬಾಯಿ ಎಳೆದರೆ ಆಟ ಬರುತ್ತಿತ್ತು. ಕಣ್ಣಾರೆ ನೋಡಿದ್ದೇವೆ, ಅಲ್ವಾ? ನಾನೂ ಊದಿದವನೇ. ಹಾಗಾಗಿ ನಿಮ್ಮ ಮೇಲೆ ಸಿಟ್ಟಿಲ್ಲ, ಸ್ವಲ್ಪ ಬೇಜಾರು ಅಷ್ಟೇ.

ಆಗ ನೀವು ಏನೇನು ಮಾಡಿದಿರಿ ಅಂತ ನೆನಪು ಮಾಡಿಕೊಳ್ಳಿ. ಸ್ವಿಚ್ ಆಫ್ ಮಾಡಿದಿರಿ. ಕ್ಯಾಸೆಟ್ ಎಳೆದಿರಿ. ಊದಿದಿರಿ. ಮತ್ತೆ ಒತ್ತಿ ಕೂರಿಸಿದಿರಿ. ಇದರಲ್ಲಿ ಕೆಲಸ ಮಾಡಿದ್ದು ಎಳೆದು ಕೂರಿಸಿದ್ದು. ಊದಿದ್ದು ಮಧ್ಯದಲ್ಲಿ ಸುಮ್ನೆ ಸೇರಿಕೊಂಡಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ.

ಕ್ಯಾಸೆಟ್ ಒಳಗಿನ ಬೋರ್ಡಿನ ಅಂಚಿನಲ್ಲಿ ಸಾಲಾಗಿ ಲೋಹದ ಪಟ್ಟಿಗಳಿವೆ. ಮಷೀನ್ ಒಳಗೆ ಅಷ್ಟೇ ಸಂಖ್ಯೆಯ ಸ್ಪ್ರಿಂಗ್ ಪಿನ್ನುಗಳು ಅವನ್ನು ಕಚ್ಚಿ ಹಿಡಿಯುತ್ತವೆ. ನಿಂಟೆಂಡೊ ಜಪಾನಿನಲ್ಲಿ ಮಾರಿದ ಫ್ಯಾಮಿಕಾಮ್‌ನಲ್ಲಿ ಮತ್ತು ಅದರ ನಕಲು ಮಷೀನ್‌ಗಳಲ್ಲಿ 60 ಪಿನ್ನು. ಅದರದೇ ಅಮೆರಿಕದ ರೂಪವಾದ ಎನ್‌ಇಎಸ್‌ನಲ್ಲಿ 72. ಇಷ್ಟರಲ್ಲಿ ಮುಖ್ಯವಾದ ಒಂದು ಪಿನ್ನು ಸರಿಯಾಗಿ ತಾಗದಿದ್ದರೂ ಸಾಕು, ಪ್ರೊಸೆಸರ್ ಕ್ಯಾಸೆಟ್‌ನಿಂದ ತಪ್ಪು ಮಾಹಿತಿ ಓದುತ್ತದೆ, ಆಟ ಕೆಡುತ್ತದೆ. ಎಳೆದು ಕೂರಿಸಿದಾಗಲೆಲ್ಲ ಪಿನ್ನು ಕೂದಲೆಳೆಯಷ್ಟು ಆಚೀಚೆ ಕೂರುತ್ತದೆ. ಮೇಲಿನ ಕೊಳೆಯನ್ನು ಒಂಚೂರು ಕೆರೆಯುತ್ತದೆ. ಒಂದಲ್ಲ ಒಂದು ಸಲ ಎಲ್ಲ ಪಿನ್ನೂ ಸರಿಯಾಗಿ ತಾಗುತ್ತವೆ.

ನಾಲ್ಕನೇ ಸಲಕ್ಕೆ ಆಟ ಬಂದರೆ ನಾಲ್ಕನೇ ಊದಿಗೆ ಹೆಸರು. ಮೊದಲ ಮೂರು ಸಲ ಬರದಿದ್ದದ್ದು ಯಾಕೆ? ‘ಸರಿಯಾಗಿ ಊದಿರಲಿಲ್ಲ.’ ಇಂಥ ನಂಬಿಕೆಯನ್ನು ಸೋಲಿಸುವುದು ಕಷ್ಟ. ನಂಬದಿದ್ದರೆ ಮುಂದಿನ ಸಲ ಕ್ಯಾಸೆಟ್ ತೆಗೆದು, ಬಾಯಿ ಮುಚ್ಚಿಕೊಂಡು, ಐದು ಎಣಿಸಿ ವಾಪಸ್ ಹಾಕಿ. ಬರದಿದ್ದರೆ ಮತ್ತೆ ಅದನ್ನೇ ಮಾಡಿ. ಊದಿದಾಗ ಬರುತ್ತಿದ್ದ ಹಾಗೆಯೇ ಬರುತ್ತದೆ.

‘ಆಯ್ತು, ಉಪಯೋಗ ಇಲ್ಲ, ಹಾನಿ ಏನು?’ ಅಂತ ಕೇಳುವವರಿದ್ದಾರೆ. ಹಾನಿ ಇದೆ. ಕನ್ನಡಕ ಒರೆಸುವ ಮುಂಚೆ ಗಾಜಿಗೆ ಬಾಯಿಟ್ಟು ‘ಹಾ’ ಅನ್ನುತ್ತೀರಲ್ಲ, ಯಾಕೆ? ಉಸಿರಲ್ಲಿ ನೀರಿದೆ ಅಂತ ತಾನೆ? ಜೋರಾಗಿ ಊದಿದರೆ ಜೊತೆಗೆ ಎಂಜಲಿನ ಹನಿಯೂ ಹೋಗುತ್ತದೆ. ಅಡಿಯಲ್ಲಿರುವುದು ತಾಮ್ರ. ಮೇಲಿನ ಲೇಪ ತೀರಾ ತೆಳು, ಸವೆದ ಕಡೆ ತೇವ ಕೂತರೆ ಕಿಲುಬು ಹಿಡಿಯುತ್ತದೆ. ತೇವದಿಂದ ಆ ಕ್ಷಣಕ್ಕೆ ಕರೆಂಟ್ ಚೆನ್ನಾಗಿ ಹರಿಯುತ್ತದೆ ಅಂತ ವಾದಿಸುವವರೂ ಇದ್ದಾರೆ. ಹರಿಯಲಿ. ನಾಳೆ ಕಿಲುಬು ಕಟ್ಟಿದಾಗ ಅದೇ ಪಿನ್ನಿನಲ್ಲಿ ಕರೆಂಟ್ ನಿಲ್ಲುತ್ತದೆ, ನೀವು ಮತ್ತೆ ಊದುತ್ತೀರಿ. ಇದು ನನ್ನೊಬ್ಬನ ಹಠ ಅಲ್ಲ. ಊದಬೇಡಿ, ಉಸಿರಿನ ತೇವ ಪಿನ್ನುಗಳನ್ನು ಕೆಡಿಸುತ್ತದೆ ಅಂತ ನಿಂಟೆಂಡೊ ಕಂಪನಿಯೇ ಹೇಳಿದೆ.

ಪರಿಚಯದವರೊಬ್ಬರು ಒಂದು ಕ್ಯಾಸೆಟ್ ತಂದಿದ್ದರು. ಬಿಚ್ಚಿ ನೋಡಿದರೆ ಬೋರ್ಡಿನ ಅಂಚಿನಲ್ಲಿ ಸಾಸಿವೆ ಗಾತ್ರದ ಹಸಿರು ಚುಕ್ಕಿಗಳು. ಒರೆಸಿದ ಮೊದಲನೇ ಇಯರ್ ಬಡ್ ಕಾಡಿಗೆಯಲ್ಲಿ ಅದ್ದಿದ ಹಾಗೆ ಕಪ್ಪಾಯಿತು. ಎರಡನೆಯದು ಬೂದು. ಐದನೆಯದು ಬೆಳ್ಳಗೆ ಬಂತು. ಒಣಗಿಸಿ, ಹಾಕಿ ನೋಡೋಣ ಅಂದೆ. ‘ಕೊಡಿ, ನಾನೇ ಹಾಕುತ್ತೇನೆ’ ಅಂತ ಅವರು ಖುಷಿಯಿಂದ ಇಸಿದುಕೊಂಡರು. ಹಾಕುವ ಮುಂಚೆ ಒಂದು ಸಲ ಊದಿದರು. ನಾನು ಆರನೇ ಇಯರ್ ಬಡ್ ತೆಗೆದೆ.

ಈಗ ನಿಮ್ಮ ಮಿಣುಕುವ ಲೈಟಿಗೆ ಬರೋಣ. ಫ್ಯಾಮಿಕಾಮ್ 1983ರಲ್ಲಿ ಬಂದಾಗ ಕ್ಯಾಸೆಟ್ಟನ್ನು ಮೇಲಿನಿಂದ ನೇರವಾಗಿ ಇಳಿಸುತ್ತಿದ್ದರು. 1985ರಲ್ಲಿ ಅದನ್ನೇ ಅಮೆರಿಕಕ್ಕೆ ಒಯ್ಯುವಾಗ ಅಲ್ಲಿ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿತ್ತು. ಹೆಸರು ಕೇಳಿದರೇ ಅಂಗಡಿಯವರು ಮುಖ ತಿರುಗಿಸುತ್ತಿದ್ದರು. ಅದಕ್ಕೆ ಮಷೀನ್‌ಗೆ ವಿಸಿಆರ್ ವೇಷ ಹಾಕಿದರು. ಮುಂದಿನ ಬಾಗಿಲು ತೆಗೆದು, ಕ್ಯಾಸೆಟ್ ಒಳಗೆ ತಳ್ಳಿ, ಕೆಳಗೆ ಒತ್ತಬೇಕು. ನೋಡಲು ಚೆಂದ. ಆದರೆ ಪ್ರತಿ ಸಲ ಒತ್ತಿದಾಗಲೂ ಪಿನ್ನು ಬಾಗುತ್ತದೆ, ವರ್ಷಗಳಾದ ಮೇಲೆ ಬಿಗಿ ಕಳೆದುಕೊಳ್ಳುತ್ತದೆ.

ಇದರ ಮೇಲೆ 10ಎನ್‌ಇಎಸ್ ಅನ್ನುವ ಬೀಗದ ಚಿಪ್ ಬೇರೆ. ಮಷೀನ್‌ನಲ್ಲಿ ಒಂದು, ಕ್ಯಾಸೆಟ್‌ನಲ್ಲಿ ಒಂದು. ಅನುಮತಿ ಇಲ್ಲದ ಕ್ಯಾಸೆಟ್ ಓಡಬಾರದು ಅಂತ ಇಟ್ಟಿದ್ದು. ಎರಡೂ ಸದಾ ಮಾತಾಡಿಕೊಳ್ಳುತ್ತಿರಬೇಕು. ಪಿನ್ನು ತಾಗದೆ ಮಾತು ನಿಂತರೆ ಮಷೀನ್ ಹೆಚ್ಚುಕಡಿಮೆ ಸೆಕೆಂಡಿಗೊಂದು ಸಲ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ನೀವು ನೋಡುತ್ತಿರುವ ಮಿಣುಕು ಅದೇ. ಒಳ್ಳೆಯ ಸುದ್ದಿ ಏನೆಂದರೆ, ಕರೆಂಟ್ ಬರುತ್ತಿದೆ, ಬೀಗದ ಚಿಪ್ ಬದುಕಿದೆ. 1993ರ ಮಾಡೆಲ್‌ನಲ್ಲಿ ಕ್ಯಾಸೆಟ್ ಹಾಕುವ ಜಾಗ ಮತ್ತೆ ಮೇಲಕ್ಕೆ ಬಂತು, ಬೀಗದ ಚಿಪ್ಪನ್ನೂ ಬಿಟ್ಟರು, ಮಿಣುಕೂ ಹೋಯಿತು. 60 ಪಿನ್ನಿನ ಮಷೀನ್ ಇರುವವರಿಗೆ ಈ ಮಿಣುಕು ಕಾಣುವುದಿಲ್ಲ. ಬರೀ ಖಾಲಿ ಪರದೆ ಅಥವಾ ಕಲಸಿದ ಅಕ್ಷರ ಬರುತ್ತದೆ. ರೋಗ ಅದೇ.

ರಿಪೇರಿಗೆ ಕೂರುವ ಮುಂಚೆ ಅಡಾಪ್ಟರ್ ನೋಡಿ. ಮೂಲ ಎನ್‌ಇಎಸ್ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ. ಫ್ಯಾಮಿಕಾಮ್‌ಗೆ ಬೇಕಾದ್ದು 10 ವೋಲ್ಟ್ ಡಿಸಿ, ಅದೂ ಮಧ್ಯದಲ್ಲಿ ಮೈನಸ್. ಎನ್‌ಇಎಸ್ ಅಡಾಪ್ಟರನ್ನು ಫ್ಯಾಮಿಕಾಮ್‌ಗೆ ಚುಚ್ಚಿದರೆ ಒಳಗೆ ಸುಡುವ ಅಪಾಯ ಪಕ್ಕಾ. ತೂತಿಗೆ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಸರಿಯಾದ ಅಡಾಪ್ಟರ್ ಆಗುವುದಿಲ್ಲ. ಎರಡರ ಮೇಲೂ ಬರೆದಿರುತ್ತದೆ, ಓದಿ.

ಆಮೇಲೆ ಕ್ಯಾಸೆಟ್. ಶೇಕಡಾ 90ಕ್ಕಿಂತ ಜಾಸ್ತಿ ಇರುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಇಯರ್ ಬಡ್ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಅಂಟುವ ಪದಾರ್ಥ ಇರುತ್ತದೆ. ಬಡ್ ತೊಯ್ಯಬಾರದು, ಒದ್ದೆಯಾದರೆ ಸಾಕು. ಪಿನ್ನಿನ ಉದ್ದಕ್ಕೆ ಉಜ್ಜಿ, ಒಣ ಬಡ್‌ನಿಂದ ಒರೆಸಿ. ಕ್ಯಾಸೆಟ್ ಹಿಂದೆಯೇ ‘ಆಲ್ಕೋಹಾಲ್, ಥಿನ್ನರ್, ಬೆಂಜೀನ್ ಹಾಕಬೇಡಿ’ ಅಂತ ಇಂಗ್ಲಿಷಿನಲ್ಲಿ ಬರೆದಿದೆಯಲ್ಲ ಅಂತ ನನ್ನನ್ನು ಹಿಡಿಯಬೇಡಿ. ಥಿನ್ನರ್ ಪ್ಲಾಸ್ಟಿಕ್ ತಿನ್ನುತ್ತದೆ, ಅದು ಖಂಡಿತ ಬೇಡ. ಆಲ್ಕೋಹಾಲನ್ನು ಲೋಹದ ಅಂಚಿಗಷ್ಟೇ ಮುಟ್ಟಿಸಿ, ಲೇಬಲ್ ಕಡೆಗೆ ಹೋಗಬೇಡಿ. ಬೇಗ ಆರಿಹೋಗುತ್ತದೆ. ಬಿಚ್ಚಲೇಬೇಕು ಅಂದರೆ ಬಹಳಷ್ಟು ಕ್ಯಾಸೆಟ್‌ಗಳಿಗೆ 3.8 ಮಿಲಿಮೀಟರ್‌ನ ಗೇಮ್ ಬಿಟ್ ಅನ್ನುವ ವಿಶೇಷ ಸ್ಕ್ರೂ ಡ್ರೈವರ್ ತುದಿ ಬೇಕು, ಮಾಮೂಲಿ ಸ್ಕ್ರೂ ಡ್ರೈವರ್ ಆಗುವುದಿಲ್ಲ. ಮರಳು ಕಾಗದ, ಬ್ಲೇಡು ಹತ್ತಿರವೂ ತರಬೇಡಿ. ರಬ್ಬರಿನಿಂದ ಉಜ್ಜಿದರೆ ಹೊಳಪು ಬರುವುದು ನಿಜ, ಲೇಪ ಸವೆಯುವುದೂ ಅಷ್ಟೇ ನಿಜ.

ಇಷ್ಟಾದರೂ ಮಿಣುಕಿದರೆ ಮಷೀನ್ ಕಡೆಯ 72 ಪಿನ್ನಿನ ಕನೆಕ್ಟರ್ ನೋಡಬೇಕು. ಎನ್‌ಇಎಸ್ ಮಾಮೂಲಿ ಸ್ಟಾರ್ ಸ್ಕ್ರೂ ಡ್ರೈವರ್‌ಗೆ ಬಿಚ್ಚಿಕೊಳ್ಳುತ್ತದೆ. ಕನೆಕ್ಟರ್ ಬೋರ್ಡಿನ ಅಂಚಿಗೆ ಬರೀ ಸಿಕ್ಕಿಸಿಕೊಂಡಿರುತ್ತದೆ, ಸೋಲ್ಡರ್ ಇಲ್ಲ, ಎಳೆದರೆ ಬರುತ್ತದೆ. ಅದನ್ನು ನೀರಿನಲ್ಲಿ ಕೆಲವು ನಿಮಿಷ ಕುದಿಸಿ, ಕೊಡವಿ, ಒಂದು ದಿನ ಪೂರ್ತಿ ಒಣಗಿಸಿ. ಉಸಿರಿನ ತೇವ ಬೇಡ ಅಂದವನು ಈಗ ಕುದಿಸಿ ಅನ್ನುತ್ತಿದ್ದಾನೆ ಅಂತ ನಗಬೇಡಿ. ಕುದಿಸಿದಾಗ ಕೊಳೆ ನೀರಿನ ಜೊತೆ ಹೊರಗೆ ಹೋಗುತ್ತದೆ, ಆಮೇಲೆ ಒಣಗಿಸುತ್ತೀರಿ. ಊದಿದಾಗ ಒಣಗಿಸಿದ್ದೀರಾ? ಹೊಸ ಕನೆಕ್ಟರ್‌ಗಳೂ ಸಿಗುತ್ತವೆ. ಆದರೆ ಕೆಲವು ಕ್ಯಾಸೆಟ್ಟನ್ನು ಮೊಸಳೆ ಹಾಗೆ ಕಚ್ಚಿ ಹಿಡಿದು ಬಿಡುವುದೇ ಇಲ್ಲ. ನನಗೆ ಕುದಿಸಿದ ಹಳೆಯದೇ ಇಷ್ಟ.

ಬೋರ್ಡಿನ ಮೇಲೆ ಕರೆಂಟ್ ಕೂಡಿಟ್ಟುಕೊಳ್ಳುವ ಬಿಡಿಭಾಗಗಳನ್ನು, ಅಂದರೆ ಕೆಪಾಸಿಟರ್‌ಗಳನ್ನು, ಎಲ್ಲ ಬದಲಿಸಬೇಕಾ ಅಂತ ಕೇಳಬೇಡಿ, ನಿಮ್ಮ ಮಷೀನ್‌ಗೆ ಈಗ ಅದು ಬೇಡ. ಸೆಗಾ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಗೇರ್ ಇದ್ದರೆ ಮಾತು ಬೇರೆ. ಅದರಲ್ಲಿ ಕೆಪಾಸಿಟರ್ ಸೋರುವುದೇ ದೊಡ್ಡ ರೋಗ. ದನಿ ಕ್ಷೀಣವಾಗುತ್ತದೆ, ಪರದೆ ಮಂಕಾಗುತ್ತದೆ, ಬಿಚ್ಚಿದರೆ ಮೀನಿನ ವಾಸನೆ. ಅಲ್ಲಿ ಸೋಲ್ಡರಿಂಗ್ ಕೈ ಪಳಗಿರಬೇಕು. ಪ್ಲೇಸ್ಟೇಷನ್, ಸ್ಯಾಟರ್ನ್ ತರಹದವುಗಳಲ್ಲಿ ಗೋಡೆಯ ಕರೆಂಟ್ ನೇರ ಪೆಟ್ಟಿಗೆಯೊಳಗೇ ಬರುತ್ತದೆ. ಹೊಸಬರು ಅವನ್ನು ಬಿಚ್ಚುವುದು ಬೇಡ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಮಷೀನ್ ಓಡಿದ ಮರುದಿನ ಕೇಳುತ್ತೀರಿ: ‘ಬಾತುಕೋಳಿ ಹೊಡೆಯುವ ಗನ್ ಕೆಟ್ಟಿದೆ, ಹೇಗೆ ರಿಪೇರಿ ಮಾಡಲಿ?’ ಹೊಸ ಟಿವಿಗೆ ಹಾಕಿದ್ದರೆ ಗನ್ ಕೆಟ್ಟಿಲ್ಲ. ಆ ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ನೋಡುತ್ತದೆ ಅಷ್ಟೇ. ಡಕ್ ಹಂಟ್‌ನಲ್ಲಿ ಗನ್ನಿನ ಟ್ರಿಗರ್ ಎಳೆದ ತಕ್ಷಣ ಪರದೆ ಒಂದು ಫ್ರೇಮ್, ಅಂದರೆ ಒಂದು ಚಿತ್ರ, ಪೂರ್ತಿ ಕಪ್ಪಾಗುತ್ತದೆ. ಮುಂದಿನ ಫ್ರೇಮಿನಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ. ಕಪ್ಪಿನಲ್ಲಿ ಬೆಳಕು ಕಾಣದೆ, ಚೌಕದಲ್ಲಿ ಕಂಡರೆ ಗುರಿ ಸರಿ. ಬಲ್ಬಿನ ಕಡೆ ಹಿಡಿದು ಮೋಸ ಮಾಡುವವರನ್ನು ಹಿಡಿಯುವುದೂ ಆ ಕಪ್ಪು ಫ್ರೇಮೇ. ಎರಡು ಬಾತುಕೋಳಿ ಇದ್ದರೆ ಒಂದಾದ ಮೇಲೊಂದು ಚೌಕ ಬರುತ್ತದೆ, ಯಾವುದಕ್ಕೆ ಬಿತ್ತು ಅಂತ ಅದರಿಂದ ಗೊತ್ತಾಗುತ್ತದೆ.

ಇದೆಲ್ಲ ಮುಗಿಯುವುದು ಸೆಕೆಂಡಿನ ಅರವತ್ತನೇ ಒಂದು ಭಾಗದ ಲೆಕ್ಕದಲ್ಲಿ. ಹಳೇ ಡಬ್ಬಾ ಟಿವಿ ಸಿಗ್ನಲ್ ಬಂದ ಕೂಡಲೇ ಗೆರೆ ಎಳೆಯುತ್ತದೆ. ಹೊಸ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಗನ್ ನೋಡಿ ಮುಗಿಸಿರುತ್ತದೆ. ಸಾಲದ್ದಕ್ಕೆ ಡಬ್ಬಾ ಟಿವಿ ಸೆಕೆಂಡಿಗೆ 15 ಸಾವಿರಕ್ಕೂ ಜಾಸ್ತಿ ಗೆರೆ ಎಳೆಯುತ್ತದೆ, ಆ ವೇಗದಲ್ಲಿ ಮಿನುಗುವ ಬೆಳಕಿಗೆ ಮಾತ್ರ ಓಗೊಡುವಂತೆ ಗನ್ ಮಾಡಿದ್ದಾರೆ. ಹೊಸ ಪರದೆಯಲ್ಲಿ ಆ ಮಿನುಗೇ ಇಲ್ಲ. ಹಾಗಾಗಿ ಗನ್ ಬಿಚ್ಚಬೇಡಿ. ಡಬ್ಬಾ ಟಿವಿ ಸಿಕ್ಕರೆ ಹಾಕಿ ನೋಡಿ. ಆ ಟಿವಿ ಕೆಟ್ಟಿದ್ದರೆ ಅದನ್ನೂ ಬಿಚ್ಚಬೇಡಿ, ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಚೆನ್ನಾಗಿರುವ ಡಬ್ಬಾ ಟಿವಿಯಲ್ಲೂ ಗುರಿ ಬೀಳದಿದ್ದರೆ ಗನ್ನಿನ ಮೂತಿಯೊಳಗಿನ ಪುಟ್ಟ ಲೆನ್ಸ್ ಮೇಲೆ ಧೂಳಿದೆಯಾ ನೋಡಿ, ಒಣ ಇಯರ್ ಬಡ್‌ನಿಂದ ತೆಗೆಯಿರಿ. ಬಾಯಿಂದ ಅಲ್ಲ.