ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಡೀಸೆಲ್ ಇಂಜಿನ್: ಸವೆಯುವುದು ಯಾವುದು?

ಇಂಜಿನ್ ಹೆಚ್ಚು ಸವೆಯುವುದು ಸ್ಟಾರ್ಟ್ ಆಗುವಾಗಲೇ ಎಂಬ ಮಾತು ಹಿಡಿದು, ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆಫ್ ಆಗಿ ತಾನೇ ಆನ್ ಆಗುವ ಸ್ಟಾರ್ಟ್-ಸ್ಟಾಪ್ ಇರುವ ಕಾರು ಬೇಗ ಹಾಳಾಗುತ್ತದೆ ಎನ್ನುವವರು ಬಹಳ. ಲೆಕ್ಕ ಹಾಕೋಣ. ಕೀಲಿಯಿಂದ ದಿನಕ್ಕೆ 4 ಸಲ, ವರ್ಷಕ್ಕೆ 300 ದಿನ, 10 ವರ್ಷ: 12,000 ಸ್ಟಾರ್ಟ್. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ದಿನಕ್ಕೆ ಇನ್ನೂ 30 ಎಂದರೆ ಮತ್ತೆ 90,000. ಸಂಖ್ಯೆ ದೊಡ್ಡದೇ, ಆದರೆ ಈ 90,000ದಲ್ಲಿ ಒಂದೂ ಕೋಲ್ಡ್ ಸ್ಟಾರ್ಟ್, ಎಂದರೆ ತಣ್ಣಗಿರುವ ಇಂಜಿನ್ನಿನ ಸ್ಟಾರ್ಟ್, ಅಲ್ಲ. ಕೂಲಂಟ್ ಸಾಕಷ್ಟು ಬಿಸಿಯಾಗುವ ತನಕ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜಿನ್ ಆಫ್ ಮಾಡುವುದೇ ಇಲ್ಲ.

ಆಯಿಲ್ ಪ್ರೆಶರ್ ಬೇರೆ, ಆಯಿಲ್ ಪದರ ಬೇರೆ

ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ. ಪಂಪು ಕೊಡುವ ಕೆಲವೇ ಬಾರ್ ಒತ್ತಡ ಕ್ರ್ಯಾಂಕ್‌ಶಾಫ್ಟನ್ನು ಎತ್ತಿ ಹಿಡಿಯುವುದಿಲ್ಲ. ಬೇರಿಂಗ್‌ವರೆಗೆ ಆಯಿಲ್ ಮುಟ್ಟಿಸುವುದಷ್ಟೇ ಅದರ ಕೆಲಸ. ಎತ್ತುವುದು ತಿರುಗುವಿಕೆ. ಶಾಫ್ಟ್ ತಿರುಗುತ್ತ ಆಯಿಲನ್ನು ಕಿರಿದಾದ ಸಂದಿಗೆ ಎಳೆದುಕೊಂಡು ಅಲ್ಲಿ ನೂರಾರು ಬಾರ್ ಒತ್ತಡ ಹುಟ್ಟಿಸುತ್ತದೆ. ಮಳೆಯಲ್ಲಿ ವೇಗದ ಕಾರಿನ ಟೈರ್ ನೀರಿನ ಮೇಲೆ ತೇಲುವ ಹಾಗೆ. ವೇಗ ಹೆಚ್ಚಿದರೆ, ಆಯಿಲ್ ಮಂದವಿದ್ದರೆ ಪದರ ದಪ್ಪ. ಭಾರ ಹೆಚ್ಚಿದರೆ ತೆಳು.

ಕೋಲ್ಡ್ ಸ್ಟಾರ್ಟ್‌ನ ತೊಂದರೆ ಆಯಿಲ್ ತಲುಪದಿರುವುದು. ರಾತ್ರಿಯಿಡೀ ಅದು ಇಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದಿರುತ್ತದೆ; ಮಂದವಾಗಿರುವುದರಿಂದ ಕ್ಯಾಮ್‌ಗೆ, ಟರ್ಬೊಗೆ ಏರಲು ತಡ. ಸಿಗ್ನಲ್‌ನ ಅರ್ಧ ನಿಮಿಷದಲ್ಲಿ ಆಯಿಲ್ ಹರಿಯುವ ಗ್ಯಾಲರಿಗಳು ಖಾಲಿಯಾಗುವುದಿಲ್ಲ, ಹಾಗಾಗಿ ಆ ತೊಂದರೆ ಇಲ್ಲಿಲ್ಲ.

ಆದರೆ ಬಿಸಿ ಆಯಿಲ್ ತೆಳು! 5ಡಬ್ಲ್ಯು-30 ಆಯಿಲಿನ ಸ್ನಿಗ್ಧತೆ 40 ಡಿಗ್ರಿಯಲ್ಲಿ ಸುಮಾರು 70 ಸೆಂಟಿಸ್ಟೋಕ್ಸ್ ಇದ್ದರೆ, 100 ಡಿಗ್ರಿಯಲ್ಲಿ 9.3ರಿಂದ 12.5ರೊಳಗೆ. ಸೆಲ್ಫ್ ಮೋಟಾರ್ ತಿರುಗಿಸುವ ಆ ನಿಧಾನ ವೇಗದಲ್ಲಿ ಪದರ ಪೂರ್ತಿ ಕಟ್ಟಿರುವುದಿಲ್ಲ, ಅಷ್ಟರಲ್ಲಿ ಡೀಸೆಲ್ಲಿನ ಮೊದಲ ಉರಿತದ ಹೊಡೆತ ಬೀಳುತ್ತದೆ. ಆ ಕ್ಷಣ ಲೋಹ ಲೋಹವನ್ನು ಸವರುತ್ತದೆ. ಪೆಟ್ಟು ಬೀಳುವುದು ಕನೆಕ್ಟಿಂಗ್ ರಾಡ್‌ನ ಮೇಲಿನ ಶೆಲ್ಲಿಗೆ (ಬೇರಿಂಗ್‌ನ ಅರ್ಧವೃತ್ತದ ತುಂಡು) ಮತ್ತು ಮೇನ್ ಬೇರಿಂಗ್‌ನ ಕೆಳಗಿನ ಶೆಲ್ಲಿಗೆ. ಪಾಲಿಮರ್ ಲೇಪನದ ಶೆಲ್‌ಗಳು ಬಂದದ್ದು ಇದಕ್ಕಾಗಿಯೇ. ಫೆಡರಲ್-ಮೊಗಲ್ ಕಂಪನಿ ತಂದ ಐರಾಕ್ಸ್ ಅಂಥದ್ದು. ಬೇರಿಂಗ್ ಬದಲಿಸುವಾಗ ಅಳತೆ ಕೂಡುತ್ತದೆ ಎಂದು ಸಾದಾ ಶೆಲ್ ಹಾಕಿಸಬೇಡಿ.

ಇನ್ನೊಂದು ಕೊಂಡಿ ಡಿಪಿಎಫ್, ಎಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಮಸಿ ಸುಡುವ ರೀಜನರೇಶನ್ ಪದೇ ಪದೇ ಅರ್ಧಕ್ಕೆ ನಿಂತರೆ ಸುಡದ ಡೀಸೆಲ್ ಆಯಿಲ್ ತೊಟ್ಟಿಗೆ ಇಳಿದು ಆಯಿಲ್ ಇನ್ನಷ್ಟು ತೆಳುವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತ ಮ್ಯಾಕ್ಸ್ ಗೆರೆ ದಾಟಿದರೆ ಸರ್ವಿಸ್ ತಾರೀಖಿಗೆ ಕಾಯದೆ ಆಯಿಲ್ ಬದಲಿಸಿ. ರೀಜನರೇಶನ್ ನಡೆಯುವಾಗ ಸ್ಟಾರ್ಟ್-ಸ್ಟಾಪ್ ತಾನೇ ಸುಮ್ಮನಿರುತ್ತದೆ, ಐಡ್ಲಿಂಗ್ ತುಸು ಏರಿರುತ್ತದೆ. ಆಗ ಕೀಲಿ ತಿರುಗಿಸಿ ಆಫ್ ಮಾಡದೆ ಓಡಿಸುತ್ತಿರಿ.

ಫ್ಲೈವೀಲ್, ಟರ್ಬೊ

ಇಂಜಿನ್ನಿನ ನಡುಕ ಹೀರಲು ಎರಡು ಚಕ್ರಗಳ ನಡುವೆ ಸ್ಪ್ರಿಂಗ್ ಇಟ್ಟ ಡ್ಯುಯಲ್ ಮಾಸ್ ಫ್ಲೈವೀಲ್‌ನ ಸ್ಪ್ರಿಂಗ್‌ಗಳು ಅನುರಣಿಸುವ, ಎಂದರೆ ಜೋರಾಗಿ ಕಂಪಿಸುವ, ವೇಗ ಐಡ್ಲಿಂಗ್‌ಗಿಂತ ಕೆಳಗಿದೆ. ಪ್ರತಿ ಸ್ಟಾರ್ಟ್, ಪ್ರತಿ ಸ್ಟಾಪ್ ಅದನ್ನು ದಾಟಲೇಬೇಕು. ನಿಲ್ಲುವಾಗ ಥ್ರಾಟಲ್ ಫ್ಲಾಪ್ ಗಾಳಿ ತಡೆದು ನಡುಕ ತಗ್ಗಿಸುತ್ತದೆ. ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ವ್ಯವಸ್ಥೆ) ತರುವ ಮಸಿಯಿಂದ ಆ ಫ್ಲಾಪ್ ಅಂಟಿಕೊಂಡಾಗ ಇಂಜಿನ್ ಗಡಗಡ ಅಲ್ಲಾಡಿ ನಿಲ್ಲುತ್ತದೆ. ದುಬಾರಿ ಫ್ಲೈವೀಲ್ ಬಿಚ್ಚಿಸುವ ಮೊದಲು ಇದನ್ನು ನೋಡಿಸಿ.

ಶಿರಾಡಿ ಘಾಟಿ ಹತ್ತಿ ಬಂದ ತಕ್ಷಣ ಎಲ್ಲಾದರೂ ನಿಲ್ಲಿಸುವುದಾದರೆ ಸ್ಟಾರ್ಟ್-ಸ್ಟಾಪ್ ಆಫ್ ಬಟನ್ ಒತ್ತಿ, ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಇಲ್ಲವಾದರೆ ಟರ್ಬೊ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುವ ಸಾಧ್ಯತೆ ಇದೆ.

ಬ್ಯಾಟರಿ

ನಿಜಕ್ಕೂ ಮೊದಲು ಸೋಲುವುದು ಇದೇ. ಸೆಲ್ಫ್ ಮೋಟಾರನ್ನು ಲಕ್ಷಗಟ್ಟಲೆ ಸ್ಟಾರ್ಟ್‌ಗೆಂದೇ ಗಟ್ಟಿಮಾಡಿರುತ್ತಾರೆ, ಬ್ಯಾಟರಿಗೆ ಆ ಆಯುಸ್ಸಿಲ್ಲ. ಚಾರ್ಜ್ ಹಿಡಿಯುವ ಶಕ್ತಿ ಕುಂದಿದಾಗ ಸ್ಟಾರ್ಟ್-ಸ್ಟಾಪ್ ಸದ್ದಿಲ್ಲದೆ ಕೆಲಸ ಬಿಡುತ್ತದೆ. ಅನೇಕರು ಇದನ್ನು ಇಂಜಿನ್ ದೋಷ ಎಂದುಕೊಳ್ಳುತ್ತಾರೆ. ಸ್ಟಾರ್ಟ್-ಸ್ಟಾಪ್‌ಗೆಂದೇ ಬರುವ ಬ್ಯಾಟರಿಗಳು ಎರಡು ಬಗೆ, ಎಜಿಎಂ ಮತ್ತು ಇಎಫ್‌ಬಿ. ಎಜಿಎಂ ಇದ್ದಲ್ಲಿ ಎಜಿಎಂ, ಇಎಫ್‌ಬಿ ಇದ್ದಲ್ಲಿ ಇಎಫ್‌ಬಿ ಅಥವಾ ಎಜಿಎಂ ಹಾಕಿ. ಸಾದಾ ಬ್ಯಾಟರಿ ಬೇಡ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್‌ನಿಂದ ನೋಂದಾಯಿಸಬೇಕು. ಹೊರಗಿನ ಚಾರ್ಜರ್ ಜೋಡಿಸುವಾಗ ನೆಗೆಟಿವ್ ಕ್ಲಿಪ್ಪನ್ನು ಬಾಡಿಯ ಅರ್ಥ್ ಪಾಯಿಂಟ್‌ಗೆ ಹಾಕಿ. ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಹಾಕಿದರೆ ಅಲ್ಲಿರುವ ಸೆನ್ಸರ್ ಒಳಗೆ ಹೋದ ಚಾರ್ಜನ್ನು ಎಣಿಸುವುದಿಲ್ಲ, ಬ್ಯಾಟರಿ ತುಂಬಿದ್ದರೂ ಸ್ಟಾರ್ಟ್-ಸ್ಟಾಪ್ ಏಳುವುದಿಲ್ಲ.