ಬೆಕ್ಕಿರುವ ಮನೆಯಲ್ಲಿ ಮನಿಪ್ಲಾಂಟ್ ಇಡಬಹುದೇ?

ಮನಿಪ್ಲಾಂಟ್ ಬೆಕ್ಕಿಗೆ ವಿಷ ಹೌದು. ಆದರೆ ಅದು ಬಾಯಿ ಸುಡುವ ವಿಷ, ಜೀವ ತೆಗೆಯುವುದು ತೀರಾ ಅಪರೂಪ. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಗಾಬರಿಯಿಂದ ಬಳ್ಳಿಯನ್ನು ಕಿತ್ತೆಸೆಯುತ್ತಾರೆ, ಅದೇ ಮನೆಯ ಹೂದಾನಿಯಲ್ಲಿ ಬೆಕ್ಕಿನ ಜೀವಕ್ಕೇ ಎರವಾಗಬಲ್ಲ ಲಿಲಿ ಹೂ ಹಾಯಾಗಿ ಅರಳಿರುತ್ತದೆ!

ಮನಿಪ್ಲಾಂಟ್ ಕೆಸುವಿನ ಕುಟುಂಬದ ಬಳ್ಳಿ. ಸರಿಯಾಗಿ ಬೇಯದ ಪತ್ರೊಡೆ ತಿಂದು ಗಂಟಲು ತುರಿಸಿಕೊಂಡವರಿಗೆ ಇದರ ಗುಣ ಬಿಡಿಸಿ ಹೇಳಬೇಕಿಲ್ಲ. ಎಲೆ, ದಂಟುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಂತೆಕಂತೆಯಾಗಿ ಇರುತ್ತವೆ. ಬೆಕ್ಕು ಎಲೆ ಜಗಿದಾಗ ಜೀವಕೋಶಗಳು ಒಡೆದು ಈ ಸೂಜಿಗಳು ನಾಲಿಗೆ, ಒಸಡು, ಅಂಗುಳಕ್ಕೆ ಚುಚ್ಚಿಕೊಳ್ಳುತ್ತವೆ. ನೀರಿನಲ್ಲಿ ಕರಗದ ಹರಳುಗಳಾದ್ದರಿಂದ ಅವು ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸುವ ಭಯವಿಲ್ಲ. ಕಚ್ಚಿದೊಡನೆ ಉರಿಯುವುದರಿಂದ ಹೆಚ್ಚಿನ ಬೆಕ್ಕುಗಳು ಒಂದೆರಡು ಬಾರಿ ಜಗಿದು ಬಿಟ್ಟುಬಿಡುತ್ತವೆ.

ತಿಂದಿದೆ ಎಂದು ತಿಳಿಯುವುದು ಹೇಗೆ? ಕೆಲವೇ ನಿಮಿಷಗಳಲ್ಲಿ ಜೊಲ್ಲು ಸುರಿಯುತ್ತದೆ. ಬೆಕ್ಕು ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ, ತಲೆ ಕೊಡವುತ್ತದೆ, ಊಟದ ತಟ್ಟೆಯವರೆಗೆ ಬಂದು ಮೂಸಿ ಹಿಂದೆ ಸರಿಯುತ್ತದೆ. ಒಂದೆರಡು ಸಲ ವಾಂತಿಯೂ ಆಗಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ಎಲ್ಲ ಸರಿಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ. ಬಾಯಲ್ಲಿ ಎಲೆಚೂರು ಕಂಡರೆ ತೆಗೆಯಿರಿ. ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ತುಟಿ, ಒಸಡುಗಳನ್ನು ಮೆಲ್ಲಗೆ ಒರೆಸಿ. ಆಮೇಲೆ ಒಂದೆರಡು ಚಮಚ ಹಾಲನ್ನೋ ಸಪ್ಪೆ ಮೊಸರನ್ನೋ ತಟ್ಟೆಯಲ್ಲಿಡಿ. ಹಾಲು ಮೊಸರಿನಲ್ಲಿರುವ ಕ್ಯಾಲ್ಸಿಯಂ, ಎಲೆಯ ಆಕ್ಸಲೇಟನ್ನು ಹಿಡಿದಿಟ್ಟು ಉರಿ ತಗ್ಗಿಸಲು ನೆರವಾಗುತ್ತದೆ. ಹೆಚ್ಚು ಹಾಕಬೇಡಿ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ತಾನಾಗಿ ನೆಕ್ಕಿದರೆ ಸರಿ. ಸಿರಿಂಜಿನಲ್ಲಿ ಬಲವಂತವಾಗಿ ಕುಡಿಸಲು ಹೋದರೆ ಹಾಲು ಶ್ವಾಸಕೋಶಕ್ಕೆ ಇಳಿದೀತು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಾಟಿ ಉಪಾಯ ಬೇಡವೇ ಬೇಡ. ಚುಚ್ಚಿಕೊಂಡ ಸೂಜಿ ವಾಂತಿಯಿಂದ ಹೊರಬರುವುದಿಲ್ಲ, ಉಪ್ಪು ಹೆಚ್ಚಾಗಿ ಹೊಸ ತೊಂದರೆ ಶುರುವಾಗುತ್ತದೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದಂತೂ ಬಳ್ಳಿಗಿಂತ ಎಷ್ಟೋ ಪಾಲು ಅಪಾಯ. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ, ಒಂದೇ ಮಾತ್ರೆ ಸಾಯಿಸಬಲ್ಲದು.

ಉಸಿರಾಡಲು ಕಷ್ಟಪಡುತ್ತಿದ್ದರೆ, ನಾಲಿಗೆ ಅಥವಾ ಗಂಟಲು ಊದಿದ್ದರೆ ಹಾಲು ಮೊಸರೆಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಿ. ವಾಂತಿ ನಿಲ್ಲದಿದ್ದರೂ, 24 ಗಂಟೆ ಏನೂ ತಿನ್ನದಿದ್ದರೂ ತೋರಿಸಲೇಬೇಕು. ಉಪವಾಸ ಬೆಕ್ಕಿಗೆ ಆಗಿಬರುವುದಿಲ್ಲ, ಕೆಲವೇ ದಿನಗಳಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಹೋಗುವಾಗ ಕಚ್ಚಿದ ಎಲೆಯನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಬರೀ 'ಮನಿಪ್ಲಾಂಟ್' ಎಂದರೆ ಸಾಲದು, ಬೇರೆ ಬೇರೆ ಕಡೆ ಬೇರೆ ಬೇರೆ ಗಿಡಗಳನ್ನು ಹಾಗೆ ಕರೆಯುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿ 'ಸುರಕ್ಷಿತ' ಎಂಬ ಉತ್ತರ ಸಿಕ್ಕಿದ್ದರೆ ಅದು ಬಹುಶಃ ಪೀಲಿಯಾ ಎಂಬ ದುಂಡೆಲೆಯ ಗಿಡದ ಮಾತು. ನಮ್ಮ ಮನೆಗಳ ಬಳ್ಳಿಯನ್ನು ಗೋಲ್ಡನ್ ಪೋಥೋಸ್ ಎಂದು ಹುಡುಕಬೇಕು.

ಹಾಗಾದರೆ ಬಳ್ಳಿ ಇಟ್ಟುಕೊಳ್ಳುವುದೋ ಬಿಡುವುದೋ? ಗಿಡದ ಗೊಡವೆಗೇ ಹೋಗದ ದೊಡ್ಡ ಬೆಕ್ಕಾದರೆ ಇರಲಿ ಬಿಡಿ. ಮರಿ ಇದ್ದರೆ, ಅಥವಾ ಕಂಡದ್ದನ್ನೆಲ್ಲ ಕಡಿಯುವ ಚಾಳಿಯ ಬೆಕ್ಕಾದರೆ, ಬಳ್ಳಿಯನ್ನು ಬೇರೆಯವರಿಗೆ ಕೊಡುವುದೇ ವಾಸಿ. ಕಪಾಟಿನ ಮೇಲಿಟ್ಟರೆ ಸಾಕೆಂದು ಹಲವರು ನಂಬಿದ್ದಾರೆ. ಐದಡಿ ನೆಗೆಯುವುದು ಬೆಕ್ಕಿಗೆ ಲೆಕ್ಕವೇ ಅಲ್ಲ, ಮೇಲಿಂದ ಜೋತುಬಿದ್ದು ತೂಗಾಡುವ ಬಳ್ಳಿಯಂತೂ ಆಟಕ್ಕೆ ಕರೆದ ಹಾಗೆ. ಸೂರಿನ ಕೊಕ್ಕೆಗೆ ತೂಗುಹಾಕಿ, ಕುಂಡದ ಅಂಚಿನಿಂದ ಕೆಳಗಿಳಿಯದಂತೆ ಬಳ್ಳಿಯನ್ನು ಕತ್ತರಿಸುತ್ತಿರಿ, ಸುತ್ತಮುತ್ತ ಹತ್ತಿ ನೆಗೆಯಲು ಸೋಫಾ, ಮೇಜು ಇರದಂತೆ ನೋಡಿಕೊಳ್ಳಿ. ಕತ್ತರಿಸಿದ ತುಂಡುಗಳನ್ನು ಆಗಲೇ ಗುಡಿಸಿಬಿಡಿ. ಕುಂಡದ ಮಣ್ಣಿಗೆ ಹರಳಿನ ರೂಪದ ಕೀಟನಾಶಕ ಹಾಕುವವರಿದ್ದಾರೆ. ಬೆಕ್ಕಿಗೆ ಎಲೆಗಿಂತ ಅದೇ ಹೆಚ್ಚಿನ ಗಂಡಾಂತರ.

ಡಂಬ್ ಕೇನ್, ಸಿಂಗೋನಿಯಂ, ಅಗ್ಲೋನಿಮಾ, ಪೀಸ್ ಲಿಲಿ ಇವಕ್ಕೂ ಇದೇ ಮಾತು ಸಲ್ಲುತ್ತದೆ. ಪೀಸ್ ಲಿಲಿ ಹೆಸರಿಗಷ್ಟೇ ಲಿಲಿ. ಹೂಗುಚ್ಛಗಳಲ್ಲಿ ಬರುವ ನಿಜವಾದ ಲಿಲಿಯ ಕತೆ ಬೇರೆ. ಅದರ ಎಲೆ, ದಳ, ಮೈಗಂಟಿದ ಪರಾಗ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಒಂದರಿಂದ ಮೂರು ದಿನಗಳಲ್ಲಿ ಬೆಕ್ಕಿನ ಕಿಡ್ನಿ ಕೈಕೊಡಬಹುದು. ಲಕ್ಷಣ ಕಾಣಲಿ ಎಂದು ಕಾಯದೆ ಅದೇ ಗಳಿಗೆಯಲ್ಲಿ ಡ್ರಿಪ್ ಹಾಕಿಸಲು ಓಡಬೇಕು. ಬೆಕ್ಕಿರುವ ಮನೆಗೆ ಲಿಲಿ ತರಲೇಬಾರದು. ತಾಳೆಯಂತೆ ಕಾಣುವ ಸೈಕಾಸ್ ಗಿಡ ಕೂಡ ಬೇಡ, ಅದು ಯಕೃತ್ತನ್ನು ಹಾಳುಮಾಡುತ್ತದೆ.

ಹಸಿರು ಕಡಿಯುವುದು ಬೆಕ್ಕಿನ ಸಹಜ ಗುಣ, ಗದರಿಸಿದರೆ ಹೋಗುವಂಥದ್ದಲ್ಲ. ಒಂದು ಹಿಡಿ ಗೋಧಿಯನ್ನು ರಾತ್ರಿಯಿಡೀ ನೆನೆಸಿ, ಎರಡಿಂಚು ಮಣ್ಣು ತುಂಬಿದ ತಟ್ಟೆಯಲ್ಲಿ ಒತ್ತಾಗಿ ಹರಡಿ, ದಿನಾ ನೀರು ಚಿಮುಕಿಸಿ. ಎಂಟು ಹತ್ತು ದಿನಕ್ಕೆ ನಾಲ್ಕಿಂಚು ಹುಲ್ಲು ಬರುತ್ತದೆ. ಅದನ್ನು ಬೆಕ್ಕು ಮಲಗುವ ಜಾಗದ ಹತ್ತಿರವೇ ಇಡಿ. ಬುಡ ಹಳದಿಯಾಗಿ ಬೂಷ್ಟು ಕಂಡರೆ ಎಸೆದು ಹೊಸದಾಗಿ ಬಿತ್ತಿ. ಮನೆಯೊಳಗೆ ಹಸಿರು ಬೇಕೆನ್ನುವವರಿಗೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಕ್ಯಾಲಥಿಯಾ ನರ್ಸರಿಗಳಲ್ಲಿ ಸಿಗುತ್ತವೆ. ಈ ಮೂರೂ ಬೆಕ್ಕಿಗೆ ವಿಷವಲ್ಲ.