ಮಬ್ಬುಬೆಳಕು: ವೀರಕಾವ್ಯದಲ್ಲಿ ನೆರಳಿನ ಪ್ರತಿಮೆ

ಯುರೋಪಿನ ನೈಟ್ (ಕವಚ ತೊಟ್ಟ ಕುದುರೆಸವಾರ) ವೀರರ ಮಹಾಕಾವ್ಯಗಳಲ್ಲಿ ಕಗ್ಗತ್ತಲೆಗಿಂತ ಅರೆಬೆಳಕೇ ಹೆಚ್ಚು ಅಪಾಯಕಾರಿ. ಕಗ್ಗತ್ತಲೆಯಲ್ಲಿ ಏನೂ ಕಾಣುತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಮಬ್ಬಿನಲ್ಲಿ ಏನೋ ಕಾಣುತ್ತದೆ. ಕಂಡದ್ದನ್ನು ವೀರ ನಂಬುತ್ತಾನೆ, ನಂಬಿ ಕತ್ತಿ ಹಿರಿಯುತ್ತಾನೆ. ನಸುಗತ್ತಲೆ, ಮಂಜು, ಕಾಡಿನ ನೆರಳುಗಳ ವರ್ಣನೆಯಿಂದ ವೀರನ ಅರಿವಿನ ಮಿತಿಯನ್ನು ಕಾಣಿಸುವ ಈ ಕ್ರಮವನ್ನೇ ಮಬ್ಬುಬೆಳಕಿನ ಪ್ರತಿಮೆ ಎನ್ನಬಹುದು.

ಇದರ ಬೇರು ರೋಮನ್ ಕವಿ ವರ್ಜಿಲನಲ್ಲಿದೆ. 'ಈನಿಯಡ್' ಕಾವ್ಯದ ಆರನೆಯ ಭಾಗದಲ್ಲಿ ಪಾತಾಳಕ್ಕಿಳಿಯುವವರು, ನೆಚ್ಚಲಾಗದ ಬೆಳದಿಂಗಳಲ್ಲಿ ಕಾಡುದಾರಿ ಹಿಡಿದವರಂತೆ ನಡೆಯುತ್ತಾರೆ.

ಆದರೆ ಈ ಪ್ರತಿಮೆಗೆ ನಿಜವಾದ ನೋವು ತುಂಬಿದವನು ಇಟಲಿಯ ತಾಸ್ಸೊ. 1581ರಲ್ಲಿ ಅಚ್ಚಾದ 'ಜೆರುಸಲೆಮ್ಮೆ ಲಿಬೆರಾತಾ' ಕಾವ್ಯದ ಹನ್ನೆರಡನೆಯ ಸರ್ಗವನ್ನು ನೋಡಿ. ಕ್ರೈಸ್ತ ಸೇನೆ ಮುತ್ತಿಗೆ ಹಾಕಿದ ಜೆರುಸಲೇಮನ್ನು ಕಾಯುವ ವೀರವನಿತೆ ಕ್ಲೊರಿಂದಾ ತನ್ನ ಬೆಳ್ಳಿಯಂಥ ಕವಚವನ್ನು ಕಳಚಿಟ್ಟು, ತುಕ್ಕು ಹಿಡಿದ ಕಪ್ಪು ಕವಚ ತೊಟ್ಟು, ಶತ್ರುಗಳ ಮರದ ಗೋಪುರ ಸುಡಲು ರಾತ್ರಿ ಹೊರಡುತ್ತಾಳೆ. ಮರಳುವಾಗ ಕೋಟೆಯ ಬಾಗಿಲು ಮುಚ್ಚಿಬಿಡುತ್ತದೆ. ಅವಳನ್ನೇ ಪ್ರೀತಿಸುವ ಕ್ರೈಸ್ತ ವೀರ ತಾಂಕ್ರೇದಿ, ಅವಳು ಯಾರೆಂದು ತಿಳಿಯದೆ ಕಾದಾಡುತ್ತಾನೆ. ಹಗಲಿನ ಬೆಳಕಿಗೆ, ತುಂಬಿದ ರಂಗಕ್ಕೆ ತಕ್ಕ ಹೋರಾಟವಿದು ಎನ್ನುವ ಕವಿ, ಅದನ್ನು ಮರೆವಿಗೆ ಸೇರಿಸಿದ ರಾತ್ರಿಯನ್ನೇ ಉದ್ದೇಶಿಸಿ, ಹೊರತೆಗೆಯಲು ಅನುಮತಿ ಬೇಡುತ್ತಾನೆ. ಕೊನೆಯ ನಕ್ಷತ್ರ ಮಂಕಾಗುವ ಹೊತ್ತಿಗೆ ತಾಂಕ್ರೇದಿ ಹೆಸರು ಕೇಳುತ್ತಾನೆ, ಅವಳು ಹೇಳುವುದಿಲ್ಲ. ಮತ್ತೆ ಯುದ್ಧ. ಸಾಯುತ್ತಿರುವವಳು ಕ್ರೈಸ್ತಳಾಗಲು ದೀಕ್ಷಾಸ್ನಾನ ಬೇಡಿದಾಗ ಅವನು ಶಿರಸ್ತ್ರಾಣದಲ್ಲಿ ನೀರು ತಂದು, ಅವಳ ಮುಖದ ಮರೆ ಸರಿಸುತ್ತಾನೆ. ಆಗಷ್ಟೇ ಗುರುತು ಸಿಗುತ್ತದೆ. ಬೆಳಗಾಗುವುದೂ ತಿಳಿಯುವುದೂ ಒಟ್ಟಿಗೇ, ಎರಡೂ ತಡವಾಗಿ! ಇಷ್ಟು ಕ್ರೂರವಾದ ಮುಂಜಾವನ್ನು ನಾನು ಬೇರೆ ಯಾವ ವೀರಕಾವ್ಯದಲ್ಲೂ ಓದಿಲ್ಲ.

ಮುಂದಿನ ಸರ್ಗದ ಮಾಯಾವನದಲ್ಲಂತೂ ನಡುಹಗಲಿನ ಬೆಳಕೇ ಬಣ್ಣಗೆಟ್ಟಿರುತ್ತದೆ. ಹಗಲು ಇರುಳಾಗುತ್ತಿದೆಯೋ ಇರುಳು ಹಗಲಾಗುತ್ತಿದೆಯೋ ಹೇಳಲಾಗದಂಥ ಬೆಳಕು ಅದು.

ಇಂಗ್ಲೆಂಡಿನ ಸ್ಪೆನ್ಸರ್ 1590ರ 'ಫೇರಿ ಕ್ವೀನ್'ನಲ್ಲಿ ನೆರಳನ್ನು ನೀತಿಯ ಪರೀಕ್ಷೆಯಾಗಿಸಿದ. ಕೆಂಪು ಶಿಲುಬೆಯ ವೀರ 'ತಪ್ಪು' ಎಂಬ ರಾಕ್ಷಸಿಯ ಗವಿಗೆ ನುಗ್ಗುತ್ತಾನೆ. ಹೊಳೆಯುವ ಕವಚ ಅಲ್ಲಿ ಬೀರುವುದು ನೆರಳಿನಂಥ ಮಂಕು ಬೆಳಕನ್ನು ಮಾತ್ರ. ಅಷ್ಟರಲ್ಲೇ ಅವಳನ್ನು ಕಂಡು ಕೊಲ್ಲುತ್ತಾನೆ. ಆದರೆ ಅದೇ ರಾತ್ರಿ ಮಾಂತ್ರಿಕನೊಬ್ಬ ಅವನ ಸಂಗಾತಿ ಉನಾಳ ಸುಳ್ಳು ರೂಪವನ್ನು ಸೃಷ್ಟಿಸಿ ತೋರಿಸುತ್ತಾನೆ. ರಾಕ್ಷಸಿಯನ್ನು ಗೆದ್ದವನು ಈ ನೆರಳನ್ನು ನಂಬಿ, ನಿಜವಾದ ಉನಾಳನ್ನು ಬಿಟ್ಟು ಹೊರಟುಹೋಗುತ್ತಾನೆ.